ಸೈಕಲ್ ಬುಟ್ಟಿಯಲ್ಲಿ ಮ್ಯಾರಥಾನ್

ನನ್ನ ಗಂಡ ಖಾಜಾಗೆ ಹಳೆಯದೆಲ್ಲ ಚಿನ್ನ. ನೂರು ವರ್ಷಕ್ಕೂ ಹಿಂದೆ ಮ್ಯಾರಥಾನ್ ಓಡಿದವರ ಬಗ್ಗೆ ಲಾಕ್‌ಡೌನಿನಲ್ಲಿ ಕೂತು ಓದಿ ಓದಿ ನನ್ನ ತಲೆ ತಿಂದರು. ಆಗಿನವರು ಓಡುವಾಗ ನೀರು ಕುಡಿಯುತ್ತಿರಲಿಲ್ಲವಂತೆ. ಪಕ್ಕದಲ್ಲಿ ಸೈಕಲ್ ಮೇಲೆ ಒಬ್ಬ ಸಹಾಯಕ ಬರುತ್ತಿದ್ದನಂತೆ. ಒಬ್ಬ ಮಹಾನುಭಾವ ನಡುವಿನ ದಾರಿಯನ್ನು ಕಾರಿನಲ್ಲಿ ಕಳೆದು, ಕೊನೆಗೆ ಇಳಿದು ಓಡಿ, ಮೊದಲ ಬಹುಮಾನಕ್ಕೆ ಕೈಯೊಡ್ಡಿದ್ದನಂತೆ! ಇದನ್ನು ಹೇಳುವಾಗಲೆಲ್ಲ ಖಾಜಾ "ಛೀ, ನಾಚಿಕೆಗೆಟ್ಟೋನು" ಎನ್ನುತ್ತಿದ್ದರು.

ಆ ವಸಂತದಲ್ಲಿ ಇವರ ಗೆಳೆಯರು ಆನ್‌ಲೈನ್ ಮ್ಯಾರಥಾನ್ ಇಟ್ಟುಕೊಂಡರು. ಗುಂಪು ಸೇರುವಂತಿಲ್ಲ, ಅವರವರ ಪಾಡಿಗೆ ಓಡಬೇಕು, ದೂರವನ್ನು ಫೋನೇ ಅಳೆದು ಗ್ರೂಪಿಗೆ ತಿಳಿಸುತ್ತದೆ. ಇವರು ಹೆಸರು ಕೊಟ್ಟೇಬಿಟ್ಟರು. ನನಗೆ ಉರಿದುಹೋಯಿತು. ಹಿಂದಿನ ಚಳಿಗಾಲ ಕೊರೊನಾ ಬಂದಾಗ ಇದೇ ಮನುಷ್ಯ ಮೆಟ್ಟಿಲು ಹತ್ತಲಾರದೆ ನಡುವೆಯೇ ಕೂತುಬಿಡುತ್ತಿದ್ದರು.

"ರೀ, ಯಾರಿಗೆ ಪ್ರೂವ್ ಮಾಡ್ಬೇಕು ನೀವು?"

"ನನಗೇ, ವಾಜಿದಾ. ಈ ಲಂಗ್ಸ್ ಇನ್ನೂ ನಂದೇನಾ ಅಂತ ನೋಡ್ಬೇಕು."

ಓಟದ ದಿನ ನಾನೇ ಸಹಾಯಕಿಯಾಗಿ ಸೈಕಲ್ ಹತ್ತಿದೆ. ಹಳಬರ ಜೇಬಿನಲ್ಲಿ ಫೋನ್ ಇರಲಿಲ್ಲವೆಂದು ತಮ್ಮ ಫೋನನ್ನೂ ನನ್ನ ಬುಟ್ಟಿಗೆ ಹಾಕಿದರು.

ನೆದರ್ಲೆಂಡ್ಸಿನಲ್ಲಿ ನಾವಿರುವ ಊರು ಆಮ್ಸ್ಟೆಲ್‌ವೀನ್, ಅದರ ಪಕ್ಕದ ಕಾಡಿನಲ್ಲಿ ಸುತ್ತಿನ ಮೇಲೆ ಸುತ್ತು. ಒಬ್ಬ ಡಚ್ ಅಜ್ಜಿ ಒಂದೂವರೆ ಮೀಟರ್ ದೂರ ನಿಂತೇ ಚಪ್ಪಾಳೆ ತಟ್ಟಿದಳು. ಅರ್ಧ ದಾರಿ ಕಳೆಯುವಷ್ಟರಲ್ಲಿ ಇವರ ತುಟಿ ಒಣಗಿತ್ತು. ನೋಡಲಾರದೆ ಇಂಡಿಯನ್ ಅಂಗಡಿಗೆ ಸೈಕಲ್ ತುಳಿದೆ. ಮಜ್ಜಿಗೆ ಕೊಂಡೆ, ಕೊತ್ತಂಬರಿ ತಾಜಾ ಇತ್ತು, ಅದನ್ನೂ ಕೊಂಡೆ. ಮರಳಿ ಬಂದರೆ ಮನುಷ್ಯ ಕಾಣಿಸಲಿಲ್ಲ. ಎಲ್ಲಾದರೂ ಬಿದ್ದರೋ ಎಂದು ಕಾಡೆಲ್ಲ ಸುತ್ತಿದೆ. ಕೊನೆಗೆ ಕಾಲುವೆಯ ಬಳಿ ಸಿಕ್ಕರು, ಆಮೆಗೆ ಅಣ್ಣನಂತೆ ಓಡುತ್ತಾ.

"ಮಜ್ಜಿಗೆ ಕುಡೀರಿ."

"ಆಗಿನವರು ಕುಡೀತಿರ್ಲಿಲ್ಲ."

"ಆಗಿನವರೆಲ್ಲ ಸತ್ತುಹೋದ್ರು!"

ಆದರೂ ಮುಟ್ಟಲಿಲ್ಲ. ಹಾಗೇ ಸ್ವಲ್ಪ ದೂರ ಹೋಗಿದ್ದೆವು, ಬುಟ್ಟಿಯಲ್ಲಿ ಫೋನ್ ಕೂಗಿತು: ಮ್ಯಾರಥಾನ್ ಮುಗಿದಿದೆ! ಗ್ರೂಪಿನಲ್ಲಿ ಅಭಿನಂದನೆಗಳ ಸುರಿಮಳೆ. ಇವರ ಗೆಳೆಯ ಅನಿರುದ್ಧ, "ಗುರು, ನಮ್ಮನ್ನೆಲ್ಲ ಸೋಲಿಸ್ಬಿಟ್ಟೆ" ಎಂದು ಬರೆದಿದ್ದ. ಖಾಜಾ ಎರಡೂ ಕೈ ಮೇಲೆತ್ತಿದರು. ಆಮೇಲೆ ಬುಟ್ಟಿಯಲ್ಲಿದ್ದ ಕೊತ್ತಂಬರಿ ಕಣ್ಣಿಗೆ ಬಿತ್ತು. ಕೈಗಳು ಕೆಳಗಿಳಿದವು.

"ನೀನು ಅಂಗಡಿಗೆ ಹೋದಾಗ ಫೋನ್ ಎಲ್ಲಿತ್ತು?"

"ಬುಟ್ಟೀಲೇ..." ಎಂದೆ. ಎಂದ ಮೇಲೆ ತಿಳಿಯಿತು, ನಾನು ಸೈಕಲ್ ತುಳಿದ ದೂರವನ್ನೂ ಫೋನ್ ಇವರ ಲೆಕ್ಕಕ್ಕೆ ಸೇರಿಸಿತ್ತು.

"ನನ್ನ ಲೆಕ್ಕದಲ್ಲಿ ಇನ್ನೂ ಎರಡು ಸುತ್ತು ಬಾಕಿ."

"ಯಾರಿಗ್ರೀ ಗೊತ್ತಾಗುತ್ತೆ? ಸಾಕು, ಮನೆಗೆ ಬನ್ನಿ." ಬಾಯಿಬಿಟ್ಟು ಬೇಡಿಕೊಂಡೆ. ನನಗೆ ಪದಕ ಬೇಕಿರಲಿಲ್ಲ, ಗಂಡ ಬೇಕಿತ್ತು.

"ಕಾರಲ್ಲಿ ಬಂದೋನೂ ಹಿಂಗೇ ಅಂದ್ಕೊಂಡಿರ್ತಾನೆ," ಎಂದರು. ಫೋನ್ ತೆಗೆದುಕೊಂಡು ಗ್ರೂಪಿನಲ್ಲಿ ಬರೆದರು: 'ಗೆದ್ದಿದ್ದು ನಾನಲ್ಲ, ನಮ್ಮನೆ ಕೊತ್ತಂಬರಿ. ನಂದು ಇನ್ನೂ ಬಾಕಿ ಇದೆ.' ಆಮೇಲೆ ನನ್ನ ಮುಖ ನೋಡಿ ಮಜ್ಜಿಗೆಯನ್ನು ಗಟಗಟ ಕುಡಿದು ಹೊರಟರು. ಈ ಸಲ ಫೋನ್ ಆಫ್ ಮಾಡಿದ್ದರು.

ನಾನು ಹಿಂದೆ ಹೋಗಲಿಲ್ಲ. ಎರಡನೆಯ ಸುತ್ತು ಮುಗಿಯುವ ಮರದ ಕೆಳಗೆ ಸೈಕಲ್ ಹಿಡಿದು ನಿಂತೆ. ಆ ಚಳಿಗಾಲದ ರಾತ್ರಿಗಳಲ್ಲಿ ಇವರ ಉಸಿರು ಕೇಳಿಸದೆ, ಹೆದರಿ, ಎದೆಗೆ ಕಿವಿಯಿಟ್ಟು ಕೂತಿರುತ್ತಿದ್ದೆ. ಈಗ ತಿರುವಿನಾಚೆ ಇವರು ಕಾಣಿಸುವ ಮೊದಲೇ ಏದುಸಿರು ಕೇಳಿಸಿತು.