ಭಾವನ ಲಾನಿನಲ್ಲಿ ಕಾಡುಹೂ

ಹುಲ್ಲು ಕತ್ತರಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ನಾಚಿಕೊಂಡು ಬೇರೆ ಕಸುಬು ಹಿಡಿಯುತ್ತಾನೆ. ನಾನು ಓರಣ ಮಾಡಿದ ಲಾನಿನ ಮೇಲೆ ಇರುವೆಗಳು ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದುಂಟು. ಅಂಥ ನನ್ನನ್ನೇ ಕರೆದು ಅಕ್ಕ, "ಈ ಲಾನ್ ಕಿತ್ತು ಬಿಸಾಕೋ. ನಂಗೆ ಕಾಡುಹೂ ಬೇಕು," ಎಂದಳು.

ಅದು ಭಾವನ ಲಾನು. ಬದುಕಿದ್ದಷ್ಟು ದಿನ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಹೊರತೆಗೆಯುತ್ತಿದ್ದರು. ಅಕ್ಕ ನೆಟ್ಟದ್ದು ಏನೇ ಅಂಚು ದಾಟಿ ತಲೆ ಹಾಕಿದರೂ ಕಚಕ್. ಇಪ್ಪತ್ತೆಂಟು ವರ್ಷದಲ್ಲಿ ಆ ಅಂಗಳದಲ್ಲಿ ಒಂದು ಹೂವೂ ಬೀಜ ಕಟ್ಟಿರಲಿಲ್ಲ. ಹೋದ ವರ್ಷ ಭಾವ ತೀರಿಕೊಂಡರು. ಅವರ ಯಂತ್ರವನ್ನು ನಾನೇ ಗುಜರಿಗೆ ಹಾಕಿ, ಅದು ಅಪ್ಪಚ್ಚಿಯಾಗುವುದನ್ನು ಕಣ್ಣಾರೆ ಕಂಡು ಬಂದೆ.

"ಒಂದೇ ಒಂದ್ಸಲ ಹೂ ತಾನಾಗಿ ಬಾಡಿ ಬೀಜ ಉದುರಿಸೋದನ್ನ ನೋಡ್ಬೇಕು ಕಣೋ. ಅದೂ ಆಗ್ಲಿಲ್ಲ ಅಂದ್ರೆ ಈ ಮನೆ ನಂದಲ್ಲ. ಬೀಗ ಹಾಕಿ ನಿನ್ನ ಮನೆಗೆ ಬಂದ್ಬಿಡ್ತೀನಿ."

"ಅಯ್ಯೋ, ಹಾಗಾದ್ರೆ ಬೆಳೆಸಲೇಬೇಕು ಬಿಡು."

ಒಂದೇ ದಿನದಲ್ಲಿ ನೂರು ಗಾಡಿ ಹುಲ್ಲುಹೆಂಟೆ ಕಿತ್ತೆ. ಸರಿ, ನಾಲ್ಕು ಗಾಡಿ, ಒಂಬತ್ತು ದಿನ. ಭಾವ ಗೊಬ್ಬರ ತಿನ್ನಿಸಿ ಕೊಬ್ಬಿಸಿದ್ದ ಮೇಲ್ಮಣ್ಣನ್ನೂ ಹೆರೆದು ಸಾಗಿಸಿದೆ. ಕಾಡುಹೂವಿಗೆ ಬಡ ಮಣ್ಣೇ ಇಷ್ಟ. ಬೀಜಕ್ಕೆ ಮರಳು ಬೆರೆಸಿ ಎರಚಿ, ಬರಿಗಾಲಲ್ಲಿ ತುಳಿದು ಕೂರಿಸಿದೆವು. ಅಕ್ಕ ತುಳಿದ ರಭಸಕ್ಕೆ ಅವು ಭೂಮಿಯ ಆ ಬದಿಯಲ್ಲೇ ಮೊಳೆಯುತ್ತವೆ ಎಂದುಕೊಂಡೆ.

ಮೊಳೆತದ್ದು ಈ ಬದಿಯಲ್ಲೇ. ಮೂರು ತಿಂಗಳಲ್ಲಿ ನೀಲಿ, ಹಳದಿ, ಕೆಂಪು. ಊರಿನ ಜೇನೆಲ್ಲ ಗೇಟಿನ ಮುಂದೆ ಸರತಿ ಸಾಲು ನಿಂತಿತು.

ಆಮೇಲೊಂದು ಭಾನುವಾರ ಅಕ್ಕನ ಫೋನು. "ನೀನು ಬಂದು ಕತ್ತರಿಸಿದ್ಯೇನೋ?"

"ನಾನಾ? ಇನ್ನೂ ಹಲ್ಲೇ ಉಜ್ಜಿಲ್ಲ!"

ಓಡಿ ಹೋಗಿ ನೋಡಿದೆ. ಗೇಟಿನಿಂದ ಹಿಂದಿನ ಗೋಡೆಯವರೆಗೆ ಒಂದು ಪಟ್ಟಿ ಬೋಳಾಗಿತ್ತು, ದಾರ ಹಿಡಿದಂತೆ ನೇರ. ದಂಟುಗಳಲ್ಲಿ ಇನ್ನೂ ರಸ ಒಸರುತ್ತಿತ್ತು. ಅಗಲ ಅಳೆದೆ: ಭಾವನ ಯಂತ್ರದ್ದೇ, ಒಂದು ನೂಲೂ ಹೆಚ್ಚಿಲ್ಲ.

ಮುಂದಿನ ಭಾನುವಾರ ಇನ್ನೊಂದು ಪಟ್ಟಿ. ಮೂರನೆಯ ಸಲ ಗೇಟಿಗೆ ಬೀಗ ಜಡಿದು ಕಾವಲು ಕೂತೆವು. ಹತ್ತಾಗುತ್ತಿದ್ದಂತೆ, ಸುಡುಬಿಸಿಲಲ್ಲಿ, ಸದ್ದೇ ಇಲ್ಲದೆ, ನಮ್ಮ ಕಣ್ಣೆದುರೇ ಹೂಗಳು ಸಾಲಾಗಿ ಉರುಳಿದವು. ಪೆಟ್ರೋಲ್ ವಾಸನೆ ಬಂತು. ಹುಲಿಯ ಮೀಸೆ ತಿರುವಬಲ್ಲ ನಾನು ಅಡುಗೆಮನೆಯ ಮೇಜಿನಡಿ ಹೇಗೆ ಸೇರಿದೆನೋ, ಇಂದಿಗೂ ಗೊತ್ತಿಲ್ಲ.

ವಾರವಾರವೂ ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳು ಹೋಗಿ, ಕೊನೆಗೆ ಉಳಿದದ್ದು ನಡುವಿನ ಒಂದು ತುಂಡು, ಮಂಚದಷ್ಟು. ಅದರ ಬೀಜ ಇನ್ನೂ ಹಸಿ. ಈಗ ಅದೂ ಹೋದರೆ ಮುಂದಿನ ವರ್ಷಕ್ಕೆ ಏನೂ ಇಲ್ಲ.

ಆ ಭಾನುವಾರ ಅಕ್ಕ ಹೂಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಹತ್ತಾಯಿತು. ಗೇಟಿನ ಕಡೆಯಿಂದ ಮೋಟು ದಂಟುಗಳಲ್ಲಿ ಒಂದು ನಡುಕ ಹರಿಯುತ್ತಾ ಅವಳತ್ತಲೇ ಬಂತು.

"ಅಕ್ಕಾ, ಕಾಲೆತ್ತು!" ಎಂದು ಬಾಗಿಲ ಮರೆಯಿಂದ ಕಿರುಚಿದೆ.

"ಇಪ್ಪತ್ತೆಂಟು ವರ್ಷ ಅವರು ಎತ್ತು ಅಂದಾಗೆಲ್ಲ ಎತ್ತಿದೀನಿ. ಇವತ್ತು ಎತ್ತಲ್ಲ."

ಅವಳ ಕಾಲ್ಬೆರಳಿಗೆ ಎರಡಂಗುಲ ದೂರದಲ್ಲಿ ನಡುಕ ನಿಂತಿತು. ಗಾಳಿಯೇ ಇರಲಿಲ್ಲ, ಅವಳ ಬಟ್ಟೆಯ ಅಂಚು ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು.

"ರೀ, ಒಂದು ತಿಂಗಳು ತಡೀರಿ," ಎಂದಳು ಅಕ್ಕ, ಹಾಲಿನವನಿಗೆ ಹೇಳುವ ದನಿಯಲ್ಲಿ. "ಬೀಜ ಉದುರ್ಲಿ. ಆಮೇಲೆ ನಾನೇ ಕರೀತೀನಿ."

ಬಟ್ಟೆ ಸುಮ್ಮನಾಯಿತು. ನಾಲ್ಕು ಭಾನುವಾರ ಏನೂ ಬರಲಿಲ್ಲ. ಸುತ್ತಲಿನ ಮೋಟುಗಳೂ ಮೊಣಕಾಲೆತ್ತರ ಚಿಗುರಿದವು. ನಡುವಿನ ಹೂಗಳು ಬಾಡಿ ಬೀಜ ಉದುರಿಸಿದಾಗ ಅಕ್ಕ ಅದನ್ನು ಅಂಗೈ ತುಂಬ ಹಿಡಿದು ಅತ್ತಳು, ಆಮೇಲೆ ಇಡೀ ಅಂಗಳಕ್ಕೆ ಎರಚಿದಳು.

ಬೀಜ ಬಿದ್ದ ಮೇಲೆ ವರ್ಷಕ್ಕೊಮ್ಮೆ ಎಲ್ಲ ಕತ್ತರಿಸಲೇಬೇಕು, ಇಲ್ಲದಿದ್ದರೆ ಹುಲ್ಲೇ ಹೂವನ್ನು ನುಂಗುತ್ತದೆ. ನಾನು ಕುಡುಗೋಲು ಮಸೆದುಕೊಂಡು ಹೋದೆ.

"ನಿಂಗ್ಯಾಕೋ ತೊಂದ್ರೆ? ಕೆಲಸಕ್ಕೆ ಜನ ಇದಾರೆ," ಎಂದವಳು ಮೆಟ್ಟಿಲ ಮೇಲೆ ನಿಂತು ಕೂಗಿದಳು: "ರೀ, ಈಗ ಬನ್ನಿ!"

ಒಣ ದಂಟುಗಳು ಒಂದೊಂದೇ ಸಾಲು ಮಲಗುತ್ತಾ ಹೋದವು. ಎಲ್ಲ ಸ್ತಬ್ಧವಾದ ಮೇಲೆ ಅಕ್ಕ ಸೊಂಟಕ್ಕೆ ಕೈಯಿಟ್ಟು ಅಂಗಳವನ್ನೆಲ್ಲ ನೋಡಿದಳು.

"ಆ ಮೂಲೆ ಬಿಟ್ಟಿದೀರಲ್ಲ."

ಮೂಲೆಯ ಹುಲ್ಲು ತಬ್ಬಿಬ್ಬಾದಂತೆ ಒಮ್ಮೆ ನಡುಗಿ, ಉರುಳಿತು.