ಪರದೆಯ ಹಿಂದಿನ ಹಾಸಿಗೆ

“ಇನ್ನೊಂದ್ ಸಲ ಬೀಳಿ, ಮಾವ. ಈ ಸಲ ನಗ್ತಾ ಬೀಳಿ.”

ಮಾವ ಎದ್ದು ನಿಂತು, ಅಂಗಿ ಎಳೆದುಕೊಂಡು, ಬೆನ್ನ ಹಿಂದೆ ಹಾಸಿಗೆ ಇನ್ನೂ ಇದೆಯೇ ಎಂದು ಒಮ್ಮೆ ಕೈಯಿಂದ ತಡವಿ ನೋಡಿ, ಮತ್ತೆ ಬಿದ್ದರು. ಎಪ್ಪತ್ತು ದಾಟಿದ ಮನುಷ್ಯ ನಗುತ್ತ ಹಿಂದಕ್ಕೆ ಬೀಳುವುದು ಹುಡುಗಾಟವೇ? ಮೊದಲು ಬಿದ್ದು, ಪ್ರಾಣ ಉಳಿದದ್ದನ್ನು ಖಾತ್ರಿ ಮಾಡಿಕೊಂಡು, ಆಮೇಲೆ ನಕ್ಕರು. ಅಳಿಯನಿಗೆ ಅದು ಹಿಡಿಸಲಿಲ್ಲ. ನಗು ಮೊದಲು ಬರಬೇಕು, ಇಲ್ಲದಿದ್ದರೆ ವಿಡಿಯೋಗೆ ನೋಡುವವರನ್ನು ಹಿಡಿದು ನಿಲ್ಲಿಸುವ ‘ಹುಕ್’ ಸಿಗುವುದಿಲ್ಲ ಎಂದ. ಮಾವನಿಗೆ ಗೊತ್ತಿದ್ದದ್ದು ಪರದೆಯ ಹುಕ್ಕು ಒಂದೇ. ಆದರೂ ಎದ್ದು ನಿಂತರು.

“ಸಾಕು ಬಿಡ್ರೀ, ಅಪ್ಪನ ಸೊಂಟ ಮುರ್ದುಹೋದೀತು,” ಎಂದಳು ಗಲ್ಲಾದಲ್ಲಿ ಕೂತಿದ್ದ ಮಗಳು.

“ನೀನು ಸುಮ್ನಿರಮ್ಮ. ಅವನು ಏನೋ ಮಾಡ್ತಾ ಇದಾನೆ,” ಎಂದರು ಮಾವ.

ಅವನು ಏನೋ ಮಾಡುತ್ತಿದ್ದಾನೆ ಎಂಬುದು ಮದುವೆಯಾದ ದಿನದಿಂದಲೂ ಆ ಮನೆಯವರು ಹೇಳಿಕೊಂಡು ಬಂದ ಮಾತು. ಮೊದಲು ವಿಮೆ ಮಾರಿದ. ಆಮೇಲೆ ನೀರು ಶುದ್ಧ ಮಾಡುವ ಯಂತ್ರ ಮಾರಿದ. ನಡುವೆ ಸ್ವಲ್ಪ ಕಾಲ, ಬದುಕುವುದು ಹೇಗೆಂದು ಬದುಕುತ್ತಿರುವವರಿಗೇ ಭಾಷಣ ಮಾಡಿದ. ಹೋದ ಕಡೆಯಲ್ಲೆಲ್ಲ ಯಜಮಾನರಿಗೆ ದೂರದೃಷ್ಟಿ ಇರಲಿಲ್ಲವಂತೆ. ಕೊನೆಗೆ ತನ್ನ ದೂರದೃಷ್ಟಿಯ ಸಮೇತ ಮಾವನ ಹಾಸಿಗೆ ಅಂಗಡಿಗೆ ಬಂದು ಬಿದ್ದ. ಹಿಂದಿನ ಕೋಣೆಯಲ್ಲಿ ಹೊಲಿದು ಮುಂದಿನ ಕೋಣೆಯಲ್ಲಿ ಮಾರುವ ಅಂಗಡಿ ಅದು. ಇವನಿಗೆ ಹೊಲಿಯಲು ಬಾರದು, ಹೊರಲು ಬೆನ್ನುನೋವು, ವ್ಯವಹಾರವೆಲ್ಲ ಹೆಂಡತಿಯ ಕೈಯಲ್ಲಿ. ಉಳಿದದ್ದು ‘ಕಂಟೆಂಟ್’ ಒಂದೇ. ಅಂಗಡಿಯ ಹೆಸರಲ್ಲಿ ಫೋನಿನಲ್ಲಿ ಒಂದು ಪೇಜು ತೆರೆದು, ದಿನಕ್ಕೊಂದು ಹೊಸದನ್ನು ಹಾಕದಿದ್ದರೆ ಜನ ನಮ್ಮನ್ನು ಮರೆತುಬಿಡುತ್ತಾರೆ ಎಂದು ಸಾರಿದ. ಅಲ್ಲಿಯವರೆಗೆ ಜನಕ್ಕೆ ನೆನಪಿತ್ತೇ ಎಂದು ಯಾರೂ ಕೇಳಲಿಲ್ಲ.

ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಈ ಪುಣ್ಯಾತ್ಮ ಹಾಸಿಗೆಯ ಕೆಳಗೆ ಕೋಳಿಮೊಟ್ಟೆ ಇಟ್ಟು ಮೇಲೆ ತಾನು ಕುಣಿದ. ಮೊಟ್ಟೆ ಒಡೆಯುವುದಿಲ್ಲ ಎಂದು ತೋರಿಸುವ ಉದ್ದೇಶ. ಒಡೆಯದೆ ಏನು ಮಾಡೀತು? ಆ ಹಾಸಿಗೆ ಹಿತ್ತಿಲಲ್ಲಿ ಬಿಸಿಲಿಗೆ ಬಿದ್ದು ಬಹಳ ದಿನ ನಾರುತ್ತಿತ್ತು. ಗಾದೆಗಳ ಸರಣಿ ಮಾಡುತ್ತೇನೆಂದು ಹೊರಟು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದನ್ನು ನಾಲ್ಕಾರು ಬಣ್ಣಗಳಲ್ಲಿ ಹಾಕಿದ. ಅದು ಮುಗಿದ ಮೇಲೆ, ಹುಡುಕಿ ತಡಕಿ, ‘ಹಸಿದವನಿಗೆ ರುಚಿ ಬೇಡ, ನಿದ್ದೆ ಬಂದವನಿಗೆ ಹಾಸಿಗೆ ಬೇಡ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಅಂಗಡಿಯ ವಿಳಾಸ ಕೊಟ್ಟ.

“ಹಾಸಿಗೆ ಬೇಡ ಅಂತ ನಾವೇ ಹೇಳ್ಕೊಂಡ್ವಾ?” ಎಂದು ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಅದು ರಿವರ್ಸ್ ಮಾರ್ಕೆಟಿಂಗು, ಮಾವ. ನಿಮಗೆ ಗೊತ್ತಾಗಲ್ಲ.”

ಮಾವನೇನೂ ಕಡಿಮೆ ಆಸಾಮಿಯಲ್ಲ. ಅಳಿಯ ಅವರ ಗೊರಕೆಯನ್ನು ರೆಕಾರ್ಡ್ ಮಾಡಿ ‘ಇದು ಯಾವ ಪ್ರಾಣಿಯ ಸದ್ದು? ಹೇಳಿದವರಿಗೆ ದಿಂಬು ಉಚಿತ’ ಎಂದು ಹಾಕಿದಾಗ ಒಂದು ಗಳಿಗೆ ಮುಖ ಸಪ್ಪಗಾಯಿತು, ನಿಜ. ಮರುದಿನ ಟೀ ಅಂಗಡಿಯಲ್ಲಿ ಯಾರೋ “ಓ, ಗೊರಕೆ ಅಜ್ಜ!” ಎಂದದ್ದೇ ತಡ, ಮುದುಕರ ನಡಿಗೆಯೇ ಬದಲಾಯಿತು. ಆಮೇಲೆ ತಾವಾಗಿಯೇ “ಇವತ್ತೇನು ಮಾಡೋಣಪ್ಪ?” ಎಂದು ಕೇಳುವುದಕ್ಕೆ ಶುರುಮಾಡಿದರು. ಮಗಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಈ ಗಂಡನನ್ನು ಮಾತಿಗೆ ಮರುಳಾಗಿ ತಾನೇ ಆರಿಸಿಕೊಂಡು ಬಂದವಳು, ದೂರುವುದಾದರೂ ಯಾರಿಗೆ?

ಆ ಅಂಗಡಿಯಲ್ಲಿ ಮಾವ ಕಟ್ಟಿಕೊಂಡು ಬಂದ ಪದ್ಧತಿ ಒಂದಿತ್ತು. ಒಳಮೂಲೆಯಲ್ಲಿ ಒಂದು ಮಂಚ, ಅದರ ಸುತ್ತ ದಪ್ಪನೆಯ ಹಸಿರು ಪರದೆ. ಗಿರಾಕಿ ನೋಡಿದ ಹಾಸಿಗೆಯನ್ನು ಆ ಮಂಚದ ಮೇಲೆ ಹಾಸಿ, “ಕೈಯಲ್ಲಿ ಒತ್ತಿ ನೋಡಿದ್ರೆ ಏನು ಗೊತ್ತಾಗುತ್ತೆ? ಚಪ್ಪಲಿ ಬಿಟ್ಟು ಮಲಗಿ. ಅಂಗಡಿ ಅನ್ನೋದನ್ನ ಮರೀರಿ,” ಎಂದು ಪರದೆ ಎಳೆದು ಆಚೆ ಹೋಗಿಬಿಡುತ್ತಿದ್ದರು. ನಿದ್ದೆ ಹೋದವರನ್ನು ಎಬ್ಬಿಸುವಂತಿರಲಿಲ್ಲ. ಪಕ್ಕದ ಬೀದಿಯ ಒಬ್ಬ ಮಹಾಶಯ ದಿಂಬನ್ನೂ ಕೊಳ್ಳದೆ ಮೂರು ನಾಲ್ಕು ಮಧ್ಯಾಹ್ನ ಅಲ್ಲಿ ನಿದ್ದೆ ಹೊಡೆದು ಹೋಗಿದ್ದ. ಮಾವ ಹಲ್ಲು ಕಡಿದರೇ ಹೊರತು ಎಬ್ಬಿಸಲಿಲ್ಲ. ಊಟವಾದ ಮೇಲೆ ಅವರ ನಿದ್ದೆಯೂ ಅಲ್ಲಿಯೇ. ಮುಸುಕು ಹಾಕಿಕೊಂಡು ಮಲಗುವವರನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಮುಖ ಮುಚ್ಚಿಕೊಂಡು ಮಲಗೋದು ಹೆಣ ಮಾತ್ರ ಎಂದು ಮಗಳು ಚಿಕ್ಕವಳಿದ್ದಾಗ ಎಷ್ಟೋ ಸಲ ಹೊದಿಕೆ ಎಳೆದು ಬೈದಿದ್ದರು.

ಒಂದು ಮಧ್ಯಾಹ್ನ ಒಬ್ಬ ಹೋಮ್ ನರ್ಸ್ ಬಂದಳು. ಮೈಮೇಲೆ ನಸುನೀಲಿ ಸಮವಸ್ತ್ರ, ಕಣ್ಣ ಕೆಳಗೆ ಕಪ್ಪು. ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳಂತೆ. ಇಷ್ಟು ವರ್ಷ ರೋಗಿಗಳ ಮಂಚದ ಪಕ್ಕ ನೆಲದ ಮೇಲೋ ಕುರ್ಚಿಯ ಮೇಲೋ ರಾತ್ರಿ ಕಳೆದವಳು ಈಗ ರಜೆಯ ದಿನಕ್ಕೆಂದು ತನ್ನದೇ ಒಂದು ಸಣ್ಣ ಕೋಣೆ ಹಿಡಿದಿದ್ದಳು. ಅಂದು ರಜೆ ಸಿಕ್ಕಿದ್ದೇ, ಬಟ್ಟೆಯನ್ನೂ ಬದಲಿಸದೆ ನೇರವಾಗಿ ಇಲ್ಲಿಗೆ ಬಂದಿದ್ದಳಂತೆ.

“ಗಟ್ಟಿ ಬೇಕೋ, ಮೆತ್ತಗೆ ಬೇಕೋ?” ಎಂದು ಮಾವ ಕೇಳಿದರು.

“ಗೊತ್ತಿಲ್ಲ ಯಜಮಾನ್ರೇ,” ಎಂದು ನಕ್ಕಳು. “ನನಗೆ ಅಂತ ಯಾವತ್ತೂ ತಗೊಂಡಿಲ್ಲ.”

ಮಾವ ಮಾಮೂಲಿನಂತೆ ಪರದೆ ಎಳೆದರು. ಸ್ವಲ್ಪ ಹೊತ್ತಾದ ಮೇಲೆ ಮಗಳು ಇಣುಕಿ ನೋಡಿದಳು. ಹೆಂಗಸಿಗೆ ಜಗತ್ತಿನ ಪರಿವೆ ಇರಲಿಲ್ಲ. ಒಂದು ಕೈ ಮಂಚದಿಂದ ಕೆಳಗೆ ಜೋತಾಡುತ್ತಿತ್ತು, ಬಾಯಿ ತೆರೆದಿತ್ತು, ತುಟಿಯಂಚಿನಲ್ಲಿ ಜೊಲ್ಲು. ಮಗಳು ಪರದೆಯನ್ನು ಮೆಲ್ಲಗೆ ಮುಚ್ಚಿದಳು. ಗಂಡನ ಹತ್ತಿರ ಬಂದು ಪಿಸುಗುಟ್ಟಿದಳು. “ಪಾಪ ರೀ, ಎಷ್ಟ್ ಚೆನ್ನಾಗಿ ನಿದ್ದೆ ಬಂದಿದೆ ಅವಳಿಗೆ. ಶಬ್ದ ಮಾಡ್ಬೇಡಿ.”

ಅವನು ಶಬ್ದ ಮಾಡಲಿಲ್ಲ. ಆ ಮಟ್ಟಿಗೆ ಹೆಂಡತಿಯ ಮಾತು ಕೇಳಿದ.

ಬೆಳಗಿನಿಂದ ಹೊಸ ಐಡಿಯಾ ಹೊಳೆಯದೆ ಒದ್ದಾಡುತ್ತಿದ್ದವನು ಅವನು. ಮಗಳು ಹಿಂದಿನ ಕೋಣೆಗೆ ಹೋದದ್ದೇ, ಪರದೆಯನ್ನು ಒಂದು ಗೇಣು ಸರಿಸಿ ಫೋನು ತೂರಿಸಿದ. ಹೆಂಗಸು ಸಂಜೆಗೆ ಎದ್ದು, ನಾಚಿ, ಕೆದರಿದ ಕೂದಲು ಕಟ್ಟಿಕೊಂಡು, ಅದೇ ಹಾಸಿಗೆ ತನ್ನ ಕೋಣೆಯ ಅಳತೆಗೆ ಹೊಲಿದುಕೊಡಿ ಎಂದು ಹೇಳಿ ಹೋಗುವಾಗ, ಈ ಭೂಪ ಬಾಗಿಲವರೆಗೆ ಹೋಗಿ “ಮತ್ತೆ ಬನ್ನಿ ಮೇಡಮ್” ಎಂದು ಕೈಮುಗಿದ. ಕೈಮುಗಿಯಲು ಫೋನನ್ನು ಜೇಬಿಗಿಡಬೇಕಾಯಿತು.

ಮರುದಿನ ವಿಡಿಯೋ ಬಂತು. ತೆರೆದ ಬಾಯಿಯನ್ನು ಹತ್ತಿರದಿಂದ ತೋರಿಸಿ, ಟ್ರ್ಯಾಕ್ಟರಿನ ಸದ್ದು ಸೇರಿಸಿ, ಮೇಲೆ ಹಳದಿ ಅಕ್ಷರದಲ್ಲಿ ‘ಡ್ಯೂಟಿ ಟೈಮಲ್ಲಿ ಗಡದ್ದು ನಿದ್ದೆ! ನಮ್ಮ ಹಾಸಿಗೆ ಕಂಡರೆ ನರ್ಸಮ್ಮನಿಗೂ ರೋಗಿ ನೆನಪಾಗಲ್ಲ!’ ಎಂದು ಬರೆದಿದ್ದ. ಇಷ್ಟು ದಿನ ನೆಂಟರಿಷ್ಟರ ಲೈಕುಗಳಲ್ಲಿ ತೆವಳುತ್ತಿದ್ದ ಪೇಜು ಸಂಜೆಯ ಹೊತ್ತಿಗೆ ಲಕ್ಷ ದಾಟಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ. ಇವನು ಅಂಗಡಿಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡಿದ.

ಮಗಳು ಅದನ್ನು ನೋಡಿದಳು. ಫೋನನ್ನು ಗಂಡನ ಮುಂದೆ ಹಿಡಿದಳು.

“ತೆಗೀರಿ ಇದನ್ನ. ಈಗ್ಲೇ ತೆಗೀರಿ. ಅವಳು ರಜೆ ಹಾಕ್ಕೊಂಡು ಬಂದಿದ್ದೋಳು ರೀ. ಡ್ಯೂಟಿ ಅಂತ ಯಾರ್ ಹೇಳಿದ್ರು ನಿಮ್ಗೆ?”

“ಯೂನಿಫಾರ್ಮ್ ಹಾಕಿದ್ಲಲ್ಲ.”

“ಹಾಕಿದ್ರೆ? ಅವಳ ಕೆಲಸಕ್ಕೆ ಕುತ್ತು ಬಂದ್ರೆ?”

“ಅಯ್ಯೋ, ಜೋಕು ಕಣೇ ಅದು. ಜನಕ್ಕೆ ಅಷ್ಟೂ ಗೊತ್ತಾಗಲ್ವಾ? ಮೊದಲ್ನೇ ಸಲ ಒಂದು ಕ್ಲಿಕ್ ಆಗಿದೆ, ಹೆಂಡ್ತಿಗೆ ಹೊಟ್ಟೆಕಿಚ್ಚು.”

ಅವಳು ಅಪ್ಪನ ಕಡೆ ತಿರುಗಿದಳು. ಅಂಗಡಿಯಲ್ಲಿ ಆ ದಿನ ಎಂದೂ ಕಾಣದಷ್ಟು ಜನ. ನಕ್ಕುಕೊಂಡು ಬಂದವರು, ಆ ಮಂಚ ಎಲ್ಲಿದೆ ಎಂದು ಕೇಳಿ ಬಂದವರು, ಅವರಲ್ಲಿ ನಾಲ್ಕು ಮಂದಿ ಕೊಂಡವರೂ ಇದ್ದರು. ಮಾವ ಜನರ ಕಡೆ ನೋಡಿದರು, ಮಗಳ ಕಡೆ ನೋಡಿದರು, ಮೂಗು ಕೆರೆದುಕೊಂಡರು.

“ಒಂದೆರಡು ದಿನ ಇರ್ಲಿ ಬಿಡಮ್ಮ,” ಎಂದರು. “ಆಮೇಲೆ ತೆಗ್ಯೋಣ.”

ಮಗಳು ಗಲ್ಲಾಕ್ಕೆ ಹಿಂದಿರುಗಿದಳು. ಹೊಲಿದು ಮುಗಿದಿದ್ದ ಆ ಹೆಂಗಸಿನ ಹಾಸಿಗೆಯನ್ನು ಸುರುಳಿ ಸುತ್ತಿ, ಹಗ್ಗ ಕಟ್ಟಿ, ತನ್ನ ಕುರ್ಚಿಯ ಹಿಂದೆ ನಿಲ್ಲಿಸಿಕೊಂಡಳು. ಆಮೇಲಿನ ಆ ಎರಡು ದಿನ ಬಾಗಿಲಲ್ಲಿ ನೆರಳು ಕಂಡಾಗಲೆಲ್ಲ ಅವಳು ತಲೆಯೆತ್ತಿ ನೋಡುತ್ತಿದ್ದಳು.

ಹೆಂಗಸು ಬಂದಳು. ಈ ಸಲ ಸಮವಸ್ತ್ರ ಇರಲಿಲ್ಲ. ಮುಖಕ್ಕೆ ಬಾಯಿ ಮೂಗು ಮುಚ್ಚುವ ಮಾಸ್ಕ್ ಹಾಕಿದ್ದಳು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಹೊರಗೆ ಹೋಗುವವರೆಗೆ ದಿಂಬುಗಳ ಪಕ್ಕ ನಿಂತಿದ್ದು, ಆಮೇಲೆ ಅದನ್ನು ತೆಗೆದಳು.

“ನನ್ನನ್ನ ಕೆಲ್ಸದಿಂದ ಬಿಡಿಸಿಬಿಟ್ರು,” ಎಂದಳು. ಕೂಗಾಡಲಿಲ್ಲ. “ಅಜ್ಜಿ ಮಗ ನೋಡಿದಾರೆ. ನಮ್ಮ ತಾಯೀನ ಒಬ್ರನ್ನೇ ಬಿಟ್ಟು ಅಂಗಡೀಲಿ ಮಲಗಿದ್ಯಲ್ಲ ಅಂದ್ರು. ರಜೆ ಇತ್ತು ಅಂದೆ. ಡ್ಯೂಟಿ ಟೈಮಲ್ಲಿ ಅಂತ ಬರ್ದಿದೆಯಲ್ಲ ಅಂದ್ರು. ಕೆಲ್ಸಕ್ಕೆ ಕಳ್ಸೋ ಏಜೆನ್ಸಿಯವರೂ ಅದೇ ಹೇಳಿದ್ರು. ಬರ್ದಿರೋದಕ್ಕೆ ನಾನೇನು ಹೇಳ್ಲಿ?”

ಮಾವ ಕುರ್ಚಿಯಿಂದ ಎದ್ದವರು ಎದ್ದಲ್ಲೇ ನಿಂತರು. ಅಳಿಯ ಮಾತ್ರ ಮುಂದೆ ಬಂದ. ಅವನ ಮುಖದಲ್ಲಿ ಒಂದು ಕ್ಷಣ ಹೆದರಿಕೆ ಇತ್ತು. ನೋಡುನೋಡುತ್ತಿದ್ದಂತೆ ಅದು ಹೋಗಿ ಆ ಹಾಳು ಕಳೆ ಬಂತು. ಅವನಿಗೆ ಐಡಿಯಾ ಹೊಳೆದಿತ್ತು.

“ಮೇಡಮ್, ಒಂದು ಕೆಲ್ಸ ಮಾಡೋಣ. ನೀವು ಅದೇ ಮಂಚದ ಮೇಲೆ ಕೂತ್ಕೊಳ್ಳಿ. ಈಗ ಹೇಳಿದ್ರಲ್ಲ, ಅದನ್ನೇ ಹೇಳಿ. ಅಳು ಬಂದ್ರೆ ಅಳಿ, ತಡ್ಕೋಬೇಡಿ. ಪಾರ್ಟ್ ಟೂ ಮಾಡೋಣ. ಜನ ಎಷ್ಟ್ ಸಪೋರ್ಟ್ ಮಾಡ್ತಾರೆ ಅಂದ್ರೆ...”

“ಥೂ!” ಎಂದಳು ಮಗಳು.

ಗಲ್ಲಾ ಬಿಟ್ಟು ಬಂದು ಅವನ ಕೈಯಿಂದ ಫೋನು ಕಿತ್ತುಕೊಂಡಳು. ವಿಡಿಯೋ ಅಳಿಸುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಬೆರಳು ತಪ್ಪಿ ತಪ್ಪಿ ಟ್ರ್ಯಾಕ್ಟರಿನ ಸದ್ದು ಎರಡು ಸಲ ಅಂಗಡಿಯನ್ನೆಲ್ಲ ತುಂಬಿತು. ಹೆಂಗಸು ನೆಲ ನೋಡುತ್ತ ನಿಂತಿದ್ದಳು. ಕೊನೆಗೆ ಅವಳೇ ಪಕ್ಕಕ್ಕೆ ಬಂದು, ಎಲ್ಲಿ ಒತ್ತಬೇಕೆಂದು ತೋರಿಸಿದಳು.

“ಬೇರೆಯೋರೂ ಹಾಕ್ಕೊಂಡಿದಾರೆ ಬಿಡಿ,” ಎಂದಳು. “ಇಲ್ಲಿ ತೆಗ್ದ್ರೆ ಏನೂ ಆಗಲ್ಲ.”

“ನಾನು ಬರ್ತೀನಿ, ಅವರ ಮನೆಗೆ,” ಎಂದಳು ಮಗಳು. “ನಮ್ದೇ ತಪ್ಪು ಅಂತ ಹೇಳ್ತೀನಿ.”

“ಬೇರೆಯವರನ್ನ ಇಟ್ಕೊಂಡಾಯ್ತು ಅಕ್ಕ.”

ಮಾವ ಸುರುಳಿ ಸುತ್ತಿದ ಹಾಸಿಗೆಯನ್ನು ತಾವೇ ಎಳೆದುಕೊಂಡು ಬಂದರು. ಏದುಸಿರು ಬರುತ್ತಿತ್ತು. “ಇದನ್ನ ಹಾಗೇ ತಗೊಂಡ್ ಹೋಗಮ್ಮ. ಒಳ್ಳೇ ಹತ್ತಿ ಹಾಕ್ಸಿದೀನಿ. ನಾನೇ ಆಟೋಗೆ ಹಾಕ್ಸ್ತೀನಿ.”

ಅವಳು ಹಾಸಿಗೆಯ ಮೇಲೆ ಕೈಯಿಟ್ಟಳು. ಹೊಲಿಗೆಯ ಗುಂಟ ಬೆರಳಾಡಿಸಿದಳು. ಆಮೇಲೆ ಕೈ ತೆಗೆದಳು.

“ಬೇಡ ಯಜಮಾನ್ರೇ. ಈಗ ಕಣ್ಣು ಮುಚ್ಚಿದ್ರೆ ಯಾರೋ ಮೇಲೆ ಬಗ್ಗಿ ನೋಡ್ತಾ ಇದಾರೆ ಅನ್ಸುತ್ತೆ. ನಿಮ್ಮಂಗಡೀಲಿ ಆವತ್ತು ಎಷ್ಟೋ ವರ್ಷದ ಮೇಲೆ ನಿದ್ದೆ ಬಂದಿತ್ತು.”

ಮತ್ತೆ ಮಾಸ್ಕ್ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ಮಧ್ಯಾಹ್ನದ ಊಟಕ್ಕೆ ಮೂವರೂ ಕೂತರು. ಮಾತಾಡದೆ ಇರಲಾರದವನು ಒಬ್ಬನೇ ಇದ್ದ. “ಎಲ್ಲಾ ಈ ಪರದೆಯಿಂದ ಆಗಿದ್ದು, ಮಾವ,” ಎಂದ. “ಕದ್ದು ತೆಗೆದ ಹಾಗೆ ಕಾಣ್ಸುತ್ತೆ. ಪರದೇನೇ ತೆಗ್ದು, ಮಲಗೋರಿಗೆ ಮೊದ್ಲೇ ಹೇಳಿಬಿಟ್ರೆ? ‘ಲೈವ್ ನಿದ್ದೆ’. ಯಾರೂ ಮಾಡಿಲ್ಲ ಇದನ್ನ.” ಮಾವ ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಬೈಯುತ್ತಾರೆಂದು ಮಗಳು ಕಾದಳು. ಅವರು ಬೈಯಲಿಲ್ಲ. ‘ಒಂದೆರಡು ದಿನ ಇರ್ಲಿ’ ಎಂದ ಬಾಯಲ್ಲಿ ಬೈಗುಳ ಹೇಗೆ ಬಂದೀತು? ಅರ್ಧ ಊಟ ಬಿಟ್ಟು ಎದ್ದು ಪರದೆಯ ಹಿಂದೆ ಹೋದರು.

ಸಂಜೆ ಮಗಳು ಟೀ ಹಿಡಿದು ಹೋದಳು. ಆವತ್ತು ಗೊರಕೆ ಕೇಳಿಸಿರಲಿಲ್ಲ. ಪರದೆ ಸರಿಸಿದರೆ, ಅಪ್ಪ ಅಂಗಾತ ಮಲಗಿದ್ದರು. ಹೊದಿಕೆಯನ್ನು ತಲೆಯ ಮೇಲಿಂದ ಎಳೆದು, ಅಂಚನ್ನು ತಲೆಯ ಕೆಳಗೆ ಸಿಕ್ಕಿಸಿಕೊಂಡಿದ್ದರು. ಪಾದಗಳೆರಡು ಹೊರಗಿದ್ದವು. ಬಾಯಿಯ ಜಾಗದಲ್ಲಿ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು.

“ಅಪ್ಪಾ,” ಎಂದಳು ಮೆಲ್ಲಗೆ. “ಎಚ್ಚರ ಇದೀಯಾ?”

ಬಟ್ಟೆ ಅಲುಗಾಡುವುದು ನಿಂತಿತು.

“ಅವನು ಇದಾನಾ ಅಲ್ಲಿ?” ಎಂದರು ಒಳಗಿನಿಂದ.

ಅವಳು ಉತ್ತರಿಸುವ ಮೊದಲೇ ಬೆನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. “ಏನಾಯ್ತೇ? ಮಾವ ಯಾಕೆ ಹಂಗೆ ಮಲಗಿದಾರೆ? ಒಂಚೂರು ಈ ಕಡೆ ಸರಿ, ನೋಡೋಣ.”

ಮಗಳು ಸರಿಯಲಿಲ್ಲ. ಟೀ ಲೋಟವನ್ನು ನೆಲಕ್ಕಿಟ್ಟು, ಪರದೆಯ ಎರಡು ಅಂಚುಗಳನ್ನೂ ಸೇರಿಸಿ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡು ಫೋನು ಹಿಡಿದಿದ್ದ ಅವನಿಗೆ ಎದುರಾಗಿ ನಿಂತಳು. ಹಿಡಿದ ಬಿಗಿಗೆ ಮೇಲೆ ಒಂದು ಹುಕ್ಕು ಕಂಬಿಯಿಂದ ಕಿತ್ತು ಬಂದು ಅವರಿಬ್ಬರ ನಡುವೆ ಬಿತ್ತು. ಅವಳು ಮುಷ್ಟಿಯನ್ನು ಸಡಿಲಿಸಲಿಲ್ಲ.