ಇಲ್ಲದ ಮಂಡಿ ನೋವು

ದರ್ಜಿಯ ತಾಯಿಗೆ ಮಂಡಿ ನೋವಿರಲಿಲ್ಲ. ನಾಲ್ಕು ಮಹಡಿಯ ಮೆಟ್ಟಿಲನ್ನು ಸೊಸೆಗಿಂತ ಮುಂಚೆ ಹತ್ತುವ ಗಟ್ಟಿ ಜೀವ ಅದು. ಆದರೂ ಅವಳ ಕಿಟಕಿಯಲ್ಲಿ ಮಂಡಿಗೆ ಹಚ್ಚುವ ಮುಲಾಮು ಒಂದಲ್ಲ, ಎರಡಲ್ಲ, ಮೂರು ಕೂತಿದ್ದವು. ಮೂರು ಸಲ ಆಸ್ಪತ್ರೆಗೆ ಹೋಗಿ ಬಂದ ಸಂಪಾದನೆ ಅಷ್ಟೇ.

ಮಗ ಈ ಹೊಸ ದೇಶಕ್ಕೆ ಮೊದಲೇ ಬಂದಿದ್ದ. ಬಟ್ಟೆ ಹಿಡಿದು, ಬಿಟ್ಟು, ಸರಿಮಾಡಿಕೊಡುವ ಅಂಗಡಿಯಲ್ಲಿ ಅವನ ಕೆಲಸ. ಹೋದ ಚಳಿಗಾಲದಲ್ಲಿ ತಾಯಿ, ಹೆಂಡತಿ, ಮಗಳನ್ನು ಕರೆಸಿಕೊಂಡ. ಇಲ್ಲಿನ ಮಾತು ಮನೆಯಲ್ಲಿ ಅವನೊಬ್ಬನಿಗೇ ಬರುತ್ತಿದ್ದುದು. ಅದೂ ಎಷ್ಟು? ತೋಳು, ಸೊಂಟ, ಜಿಪ್ಪು, ಗುಂಡಿ, ಎಷ್ಟು ಗಿಡ್ಡ ಮಾಡಲಿ ಎಂಬಷ್ಟು. ಆ ಬಂಡವಾಳದಲ್ಲೇ ಅವನು ತಾಯಿಯನ್ನು ಡಾಕ್ಟರ ಮುಂದೆ ಕೂರಿಸಿ, "ಏನಮ್ಮ ತೊಂದರೆ? ನೀನು ನನಗೆ ಹೇಳು, ನಾನು ಅವರಿಗೆ ಹೇಳ್ತೀನಿ" ಎನ್ನುತ್ತಿದ್ದ.

ತಾಯಿ ಮಗನ ಮುಖ ನೋಡುತ್ತಿದ್ದಳು. "ಮಂಡಿ ನೋವು ಕಣಪ್ಪ" ಎಂದುಬಿಡುತ್ತಿದ್ದಳು.

ನಿಜವಾದ ತೊಂದರೆ ಬೇರೆಯೇ ಇತ್ತು. ಮುಟ್ಟು ನಿಂತು ಎಷ್ಟೋ ವರ್ಷವಾಗಿದ್ದವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ನಿಂತಿತು ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಂತು. ಅವಳ ದೊಡ್ಡಕ್ಕನಿಗೂ ಹೀಗೇ ಆಗಿತ್ತು. ಯಾರಿಗೂ ಹೇಳದೆ ಇದ್ದು ಇದ್ದು, ಹೇಳುವ ಹೊತ್ತಿಗೆ ಕಾಲ ಮೀರಿ, ಅಕ್ಕ ಹೋಗಿಯೇಬಿಟ್ಟಿದ್ದಳು. ಅದನ್ನೆಲ್ಲ ನೆನೆದು ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳಂತೆ ಅಜ್ಜಿ ದಿನಾ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಸೊಸೆಗೆ ಹೇಳೋಣವೆಂದರೆ, ಹೇಳಿ ಏನು ಬಂತು? ಕೊನೆಗೆ ಡಾಕ್ಟರ ಮುಂದೆ ಬಾಯಿ ಬಿಡಬೇಕಾದವನು ಮಗನೇ.

ಒಂದು ಬೆಳಗ್ಗೆ, ಎಲ್ಲರೂ ಮನೆಯಿಂದ ಹೊರಗೆ ಹೋದ ಮೇಲೆ, ಅಜ್ಜಿ ಕಟ್ಟಡದ ನೆಲಮಾಳಿಗೆಗೆ ಇಳಿದಳು. ಅಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿತ್ತು. ಮೆಷಿನ್ ಮುಟ್ಟದೆ ಮೂಲೆಯಲ್ಲಿ ಬಕೆಟ್ ಇಟ್ಟುಕೊಂಡು ಕೂತಳು. ಅಷ್ಟರಲ್ಲಿ ಎದುರುಮನೆಯ ಇಸ್ತ್ರಿ ಅಕ್ಕ ಬಂದಳು. ಹೋಟೆಲೊಂದರಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು, ಈ ಊರಲ್ಲಿ ಹಳಬಳು.

"ಅಜ್ಜಿ, ಮೆಷಿನ್ ಖಾಲಿ ಇದೆಯಲ್ಲ. ಈ ತಣ್ಣೀರಲ್ಲಿ ಯಾಕೆ ಕೈ ಮರಗಟ್ಟಿಸ್ಕೊಳ್ತೀರಿ?"

"ಏನೋ, ಮೊದಲಿಂದ ಅಭ್ಯಾಸ."

ಇಸ್ತ್ರಿ ಅಕ್ಕ ಬಕೆಟ್ಟಿನ ಕಡೆ ಒಮ್ಮೆ ನೋಡಿದಳು. ಹೋಗಿ ಬಾಗಿಲು ಮುಂದೆ ಮಾಡಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ದಿನಾ ಹಾಸಿಗೆ ಬಟ್ಟೆ ಒಗೆಯೋಳು ನಾನು. ಯಾವ ಕಲೆಗೆ ತಣ್ಣೀರು ಅಂತ ನನಗೆ ಗೊತ್ತಿಲ್ವಾ? ಎಷ್ಟು ದಿನದಿಂದ ಹೀಗೆ?"

ಅಜ್ಜಿ ಕೈಲಿದ್ದ ಬಟ್ಟೆ ಬಿಟ್ಟು ಅತ್ತುಬಿಟ್ಟಳು. ಅತ್ತು ಹಗುರಾದ ಮೇಲೆ ಎಲ್ಲ ಹೇಳಿದಳು, ಮುಲಾಮಿನ ಕಥೆಯನ್ನೂ ಹೇಳಿದಳು. ಇಸ್ತ್ರಿ ಅಕ್ಕನಿಗೆ ನಗುವೂ ಬಂತು, ಸಂಕಟವೂ ಆಯಿತು.

"ಮಗನ ಬಾಯಲ್ಲಿ ಯಾಕೆ ಹೇಳಿಸ್ಬೇಕು? ಹೊಸದಾಗಿ ಬಂದ ಸಂಸಾರಗಳಿಗೆ ಅಂತಾನೇ ಮಾರ್ಕೆಟ್ ಹಿಂದಿನ ಬೀದೀಲಿ ಒಂದು ನೆರವು ಕೇಂದ್ರ ಇದೆ. ದುಭಾಷಿ ಕೊಡ್ತಾರೆ. ಹೆಂಗಸೇ ಬೇಕು ಅಂದ್ರೆ ಹೆಂಗಸನ್ನೇ ಕಳಿಸ್ತಾರೆ. ನೀವು ಹೇಳಿದ್ದನ್ನ ಡಾಕ್ಟರಿಗೆ, ಡಾಕ್ಟರು ಹೇಳಿದ್ದನ್ನ ನಿಮಗೆ ನಮ್ಮ ಮಾತಲ್ಲೇ ಹೇಳ್ತಾರೆ. ದುಡ್ಡು ಕೊಡೋ ಹಾಗಿಲ್ಲ."

"ಪುಕ್ಕಟೆ ಅಂದ್ರೇನೇ ನನಗೆ ಭಯ. ಇಲಿ ಬೋನಲ್ಲಿ ಇಡೋದೂ ಪುಕ್ಕಟೆ ತಿಂಡೀನೇ."

"ಪುಕ್ಕಟೆ ಅಂತ ಯಾರು ಹೇಳಿದ್ದು? ಎಲ್ಲರ ತೆರಿಗೆ ದುಡ್ಡಲ್ಲಿ ನಡೆಯೋ ಕೇಂದ್ರ ಅದು. ನಿಮ್ಮ ಮಗನ ಸಂಬಳದಲ್ಲೂ ತೆರಿಗೆ ಹಿಡೀತಾರಲ್ಲ."

ಅಜ್ಜಿ ಇನ್ನೊಂದು ದಾರಿ ಹಿಡಿದಳು. "ನಮ್ಮ ಮಾತಾಡೋಳು ಅಂದ್ರೆ ನಮ್ಮ ಪೈಕಿಯವಳೇ. ಇವತ್ತು ಅವಳ ಕಿವಿಗೆ ಬಿದ್ರೆ ನಾಳೆ ಇಡೀ ಕಟ್ಟಡದ ಬಾಯಲ್ಲಿರುತ್ತೆ. ಊರ ಬಾಯಿಗೆ ಮುಚ್ಚಳ ಇದೆಯಾ?"

"ಹೋದ ವರ್ಷ ಆ ಕೇಂದ್ರದ ದುಭಾಷಿ ನನ್ನ ಜೊತೇನೂ ಆಸ್ಪತ್ರೆಗೆ ಬಂದಿದ್ಲು. ನನಗೇನಾಗಿತ್ತು ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?"

"ಇಲ್ವಲ್ಲ. ಏನಾಗಿತ್ತು?"

"ನೋಡಿ, ನಿಮಗೆ ಗೊತ್ತೇ ಇಲ್ಲ. ಅದನ್ನೇ ನಾನು ಹೇಳ್ತಿರೋದು," ಎಂದು ಇಸ್ತ್ರಿ ಅಕ್ಕ ನಕ್ಕಳು. "ಗುಟ್ಟು ಬಿಟ್ಟರೆ ಅವಳ ಕೆಲಸಾನೇ ಹೋಗುತ್ತೆ. ಬೀದೀಲಿ ಸಿಕ್ಕಿದ್ರೂ ನೀವಾಗಿ ಮಾತಾಡಿಸೋವರೆಗೆ ನಿಮ್ಮ ಗುರುತಿದೆ ಅಂತಲೂ ತೋರಿಸ್ಕೊಳ್ಳಲ್ಲ."

ಇಸ್ತ್ರಿ ಅಕ್ಕನಿಗೆ ಏನಾಗಿತ್ತೋ ಎಂಬ ಕುತೂಹಲ ಅಜ್ಜಿಗೆ ಉಳಿದೇ ಉಳಿಯಿತು. ಆದರೆ ಧೈರ್ಯ ಬಂತು.

ಮನೆಯಲ್ಲಿ ಮಗನಿಗೆ ದುಭಾಷಿಯನ್ನು ಕರೆಸುವ ವಿಷಯ ತಿಳಿದಾಗ ಅವನ ಮುಖ ಸಣ್ಣದಾಯಿತು. "ಹೆತ್ತ ತಾಯಿಗೆ ಬೇರೆಯವರು ಬಾಯಾಗ್ಬೇಕಾ? ನಾನಿಲ್ವಾ?"

ಉತ್ತರ ಕೊಟ್ಟವಳು ಸೊಸೆ. "ಪ್ಯಾಂಟಿನ ಸೊಂಟದ ಮಾತಾದ್ರೆ ನೀವೇ ಹೇಳಿ. ಅತ್ತೆಯ ಸೊಂಟದ್ದು ಅತ್ತೇನೇ ಹೇಳ್ಲಿ ಬಿಡಿ."

ನೆರವು ಕೇಂದ್ರಕ್ಕೆ ಹೇಳಿ, ಆ ವಾರವೇ ಆಸ್ಪತ್ರೆಗೆ ಹೋದರು. ದುಭಾಷಿ ಕನ್ನಡಕದ ಹುಡುಗಿ, ಮಾತು ಮೆಲ್ಲಗೆ. ಮಗನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಒಳಗೆ ಅಜ್ಜಿಯ ತುಸು ಹಿಂದೆ ಕುರ್ಚಿ ಎಳೆದುಕೊಂಡಳು. "ಅಮ್ಮ, ಡಾಕ್ಟರ ಮುಖ ನೋಡ್ಕೊಂಡು ಹೇಳಿ. ನಾನು ಇಲ್ಲ ಅಂತಲೇ ಅಂದ್ಕೊಳ್ಳಿ. ನೀವು ಹೇಳಿದ್ದಕ್ಕೆ ಒಂದು ಮಾತು ಸೇರಿಸಲ್ಲ, ಒಂದು ಮಾತು ಬಿಡಲ್ಲ."

ಅಜ್ಜಿ ಹೇಳಿದಳು. ತೀರಿಕೊಂಡ ದೊಡ್ಡಕ್ಕನ ಕಥೆಯನ್ನೂ ಹೇಳಿದಳು. ಡಾಕ್ಟರಮ್ಮ ಕಂಪ್ಯೂಟರಿನಿಂದ ಕಣ್ಣು ತೆಗೆದು ಪೂರ್ತಿ ಕೇಳಿದರು. ತಡಮಾಡದೆ ಪರೀಕ್ಷೆ ಮಾಡಿಸಿದರು. ಗರ್ಭಕೋಶದೊಳಗೆ ಒಂದು ಸಣ್ಣ ಗಂಟು ಬೆಳೆದಿತ್ತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅಜ್ಜಿಗೆ ಅನ್ನ ಸೇರಲಿಲ್ಲ.

ವರದಿ ಬಂದ ದಿನವೂ ದುಭಾಷಿ ಜೊತೆಗಿದ್ದಳು. ಡಾಕ್ಟರಮ್ಮ ಹೇಳಿದರು, ಅವಳು ಹೇಳಿದಳು: "ಇದು ಕ್ಯಾನ್ಸರ್ ಅಲ್ಲ."

"ಇನ್ನೊಂದ್ಸಲ ಹೇಳಮ್ಮ," ಎಂದಳು ಅಜ್ಜಿ.

ತಾನಾಗಿ ಒಂದು ಮಾತೂ ಸೇರಿಸದ ಹುಡುಗಿ ಅದನ್ನೂ ಹಾಗೆಯೇ ಡಾಕ್ಟರಿಗೆ ದಾಟಿಸಿದಳು. ಡಾಕ್ಟರಮ್ಮ ನಗುತ್ತಾ ಮತ್ತೆ ಹೇಳಿದರು, ಹುಡುಗಿಯೂ ಮತ್ತೆ ಹೇಳಿದಳು. ಅಜ್ಜಿಗೆ ಎದೆಯ ಮೇಲಿನ ಬಂಡೆ ಇಳಿಸಿದಷ್ಟು ಹಗುರವಾಯಿತು. ಸದ್ಯ, ಬದುಕಿದೆ ಎಂದುಕೊಂಡಳು.

ಹೊರಗೆ ಮಗ ಎದ್ದು ನಿಂತಿದ್ದ. "ಏನಂತೆ? ಏನಾಗಿತ್ತು?" ಎಂದು ದುಭಾಷಿಯನ್ನು ಕೇಳಿದ.

"ಅದನ್ನ ಅಮ್ಮನ ಹತ್ರಾನೇ ಕೇಳಿ," ಎಂದು ಅವಳು ಹೊರಟಳು.

ಅಜ್ಜಿ ಮಗನ ಕೈ ಹಿಡಿದು ಬೆಂಚಿನಲ್ಲಿ ಕೂತಳು. "ಈಗ ಎಲ್ಲ ಸರಿಹೋಗಿದೆ. ನಿನ್ನನ್ನ ಹೊತ್ತ ಹೊಟ್ಟೆಯ ತೊಂದರೆ ಕಣೋ ಅದು. ಅದನ್ನ ನಿನ್ನ ಬಾಯಲ್ಲೇ ಹೇಳಿಸೋಕೆ ನನ್ನ ಕೈಲಿ ಆಗ್ಲಿಲ್ಲ."

"ಅಷ್ಟು ಸಲ ಬಂದಾಗಲೂ ನಾನೇ ಅಡ್ಡ ಕೂತಿದ್ನಲ್ಲಮ್ಮ," ಎಂದ ಮಗ.

"ಅಡ್ಡ ಅಲ್ಲಪ್ಪ, ನೀನು ಪಕ್ಕದಲ್ಲಿ ಕೂತಿದ್ದೆ. ಅದಕ್ಕೇ ಹೇಳೋಕೆ ಆಗ್ಲಿಲ್ಲ."

ನೀವೂ ಹೊಸ ಊರಿಗೆ ಬಂದವರಾದರೆ, ಅಲ್ಲಿನ ನೆರವು ಕೇಂದ್ರ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ. ಆಸ್ಪತ್ರೆಗೆ ಹೊರಡುವ ಮೊದಲೇ "ನಮ್ಮ ಮಾತಿನ ದುಭಾಷಿ ಬೇಕು" ಎನ್ನಿ. ಹೆಂಗಸು ಬೇಕಾದರೆ ಹೆಂಗಸೇ ಬೇಕೆನ್ನಿ, ಅದರಲ್ಲಿ ನಾಚಿಕೆ ಬೇಡ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ಹೇಳಿ. ಇನ್ನು ಮಗ, ಮಗಳಾದವರಿಗೆ ಒಂದು ಮಾತು. ತಾಯಿಯನ್ನು ಡಾಕ್ಟರ ಬಾಗಿಲವರೆಗೆ ನೀವೇ ಕರೆದುಕೊಂಡು ಹೋಗಿ, ಬಿಡಬೇಡಿ. ಒಳಗಿನ ಮಾತು ಮಾತ್ರ ಅವಳೇ ಆಡಲಿ.